ಮೂರಡಿ ಪ್ಯಾರಾಪೆಟ್‌ಗೂ ಗಾಳಿ ಲೆಕ್ಕ

ಮಯಾಮಿಯಲ್ಲಿ ನನ್ನ ಕೆಲಸ ಕಟ್ಟಡಗಳ ಸ್ಟ್ರಕ್ಚರಲ್ ಲೆಕ್ಕ ಹಾಕುವುದು. ಚಿಕ್ಕಮಗಳೂರಿನ ನೆಂಟರಿಗೆ ಇದೇನೆಂದು ಹೇಳಿ ಸಾಕಾಗಿದೆ. "ಕಂಬಿ ಎಷ್ಟು ಹಾಕ್ಬೇಕು ಅಂತ ಮೇಸ್ತ್ರಿಗೆ ಗೊತ್ತಿರಲ್ವಾ?" ಅನ್ನುತ್ತಾರೆ. ಇಲ್ಲಿ ಪ್ಯಾರಾಪೆಟ್‌ಗೂ, ಅಂದರೆ ತಾರಸಿಯ ಅಂಚಿನ ಗಿಡ್ಡ ಗೋಡೆಗೂ, ಗಾಳಿ ಲೆಕ್ಕ ಬರೆದುಕೊಡದಿದ್ದರೆ ಪ್ಲಾನ್ ವಾಪಸ್ ಬರುತ್ತದೆ.

1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಬಡಿದ ಮೇಲೆ ಇಲ್ಲಿ ನಿಯಮ ಬಿಗಿಯಾಯಿತು. ಈಗ ಮಾಮೂಲಿ ಮನೆಗೂ ಗಂಟೆಗೆ 175 ಮೈಲಿ ಗಾಳಿ ಹಿಡಿಯಬೇಕು. ಅಂದರೆ ಸೆಕೆಂಡಿಗೆ 78 ಮೀಟರ್.

ಪ್ಯಾರಾಪೆಟ್ ವಿಚಿತ್ರದ ಗೋಡೆ. ಕೆಳಗಿನ ಗೋಡೆಗಳಿಗೆ ಹಿಂದೆ ಮನೆಯಿದೆ, ಮೇಲೆ ಸ್ಲ್ಯಾಬ್ ಇದೆ. ಇದಕ್ಕೆ ಬುಡ ಒಂದೇ ಆಸರೆ. ಗಾಳಿ ಎದುರಿನಿಂದ ತಳ್ಳುತ್ತದೆ. ನೆತ್ತಿ ದಾಟಿದ ಗಾಳಿ ಸುಳಿಯಾಗಿ ಬೆನ್ನ ಕಡೆಯಿಂದ ಎಳೆಯುತ್ತದೆ. ಎರಡೂ ಒಂದೇ ದಿಕ್ಕಿಗೆ! ಹಾಗಾಗಿ ಅಮೆರಿಕದ ಎಎಸ್‌ಸಿಇ 7 ನಿಯಮದಲ್ಲಿ, ಇಡೀ ಕಟ್ಟಡದ ಲೆಕ್ಕಕ್ಕೆ, ಗಾಳಿ ಬರುವ ಕಡೆಯ ಪ್ಯಾರಾಪೆಟ್‌ಗೆ ಗಾಳಿಯ ಒತ್ತಡವನ್ನು 1.5ರಿಂದ ಗುಣಿಸುತ್ತೇವೆ. ಆಚೆ ಬದಿಯದಕ್ಕೆ 1.0. ಮೊದಲು 2002ರ ಆವೃತ್ತಿಯಲ್ಲಿ ಇವು 1.8 ಮತ್ತು 1.1 ಇದ್ದವು, 2005ರಲ್ಲಿ ಇಳಿಸಿದರು. ನನ್ನನ್ನು ಕೇಳಿದರೆ ಕಡಿಮೆ ಅಂಕಿಯ ಆಚೆ ಬದಿಯ ಗೋಡೆಗೇ ಹೆಚ್ಚು ಹೆದರಬೇಕು. ಎದುರಿನದು ಬಿದ್ದರೆ ತಾರಸಿ ಮೇಲೆ ಬೀಳುತ್ತದೆ. ಆಚೆಯದು ಬಿದ್ದರೆ ರಸ್ತೆಗೆ.

ಬಯಲಿನ ನಲವತ್ತಡಿ ಎತ್ತರದ ಕಟ್ಟಡವಾದರೆ ಇಲ್ಲಿ ಎದುರಿನ ಪ್ಯಾರಾಪೆಟ್ ಮೇಲೆ ಪ್ರತಿ ಚದರ ಮೀಟರಿಗೆ ಸುಮಾರು 500 ಕೆಜಿ ಗಾಳಿಯ ಒತ್ತಡ ಬರುತ್ತದೆ. ಅದಕ್ಕೇ ಟೊಳ್ಳು ಬ್ಲಾಕಿನೊಳಗೆ ಕಂಬಿ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ.

ನಮ್ಮ ಕಡೆ? ಭಾರತದ ನಿಯಮ ಐಎಸ್ 875ರಲ್ಲಿ ಗಾಳಿಯ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ನಮ್ಮೂರು ಚಿಕ್ಕಮಗಳೂರಿಗೆ 33 ಹಿಡಿದರೆ, ವೇಗದ ವರ್ಗವನ್ನು 0.6ರಿಂದ ಗುಣಿಸಿ, ಬಂದ ನ್ಯೂಟನ್ನನ್ನು ಕೆಜಿಗೆ ಇಳಿಸಿದರೆ, ಚದರ ಮೀಟರಿಗೆ ಸುಮಾರು 65 ಕೆಜಿ. ಅದಕ್ಕೂ ಆ 1.5 ಹಾಕಿದರೆ ನೂರರ ಹತ್ತಿರ. ಮಯಾಮಿಯ 500ರ ಪಕ್ಕ ಇದನ್ನು ಸುಮ್ನೆ ಇಟ್ಟು ನೋಡಬಾರದು. ಇಲ್ಲಿನ ವೇಗದಲ್ಲೇ ಸುರಕ್ಷತೆಯ ಪಾಲು ಸೇರಿದೆ, ನಮ್ಮಲ್ಲಿ ಅದನ್ನು ಆಮೇಲೆ ಬೇರೆಯಾಗಿ ಸೇರಿಸುತ್ತೇವೆ. ಆದರೂ ನಮ್ಮ ಗೋಡೆಗೆ ಆ ನೂರೇ ಹೆಚ್ಚು. ನಾಲ್ಕಿಂಚಿನ ಬ್ಲಾಕಿನ ಮೂರಡಿ ಗೋಡೆ ತನ್ನ ಭಾರದಿಂದ ತಡೆಯುವುದು ಅದರಲ್ಲಿ ಕಾಲು ಭಾಗ ಅಷ್ಟೆ. ಉಳಿದದ್ದು ಗಾರೆಯ ಹಿಡಿತ, ಮೂಲೆಗಳ ಪುಣ್ಯ. ಗೋಡೆಯನ್ನು ಆರಡಿ ಮಾಡಿದರೆ ಬುಡವನ್ನು ಬಗ್ಗಿಸುವ ಒತ್ತಡ ಎರಡಲ್ಲ, ನಾಲ್ಕು ಪಟ್ಟು.

ಇದೆಲ್ಲ ಸಮತಟ್ಟು ಜಾಗದ ಮಾತು. ನಮ್ಮ ಭಾವ ಮನೆ ಕಟ್ಟುತ್ತಿರುವುದು ಗಿರಿ ಕಡೆ, ಗುಡ್ಡದ ನೆತ್ತಿಯಲ್ಲಿ. ಗುಡ್ಡ ಏರುವ ಗಾಳಿಗೆ ವೇಗ ಜಾಸ್ತಿ. ನಮ್ಮ ನಿಯಮದಲ್ಲೇ ಅದಕ್ಕೆ 1.36ರವರೆಗೆ ಗುಣಕ ಇದೆ. ವರ್ಗ ಮಾಡಿದರೆ 1.85. ಆ 65 ಕೆಜಿ ಹೋಗಿ 120 ಆಯಿತು.

ಅದರ ಮೇಲೆ ಶೀಟು ಬೇರೆ. ಮಳೆಗೆ ತಾರಸಿ ಸೋರುತ್ತದೆಂದು ಸಕಲೇಶಪುರದಿಂದ ನಮ್ಮೂರಿನವರೆಗೂ ಈಗ ಶೀಟಿಲ್ಲದ ತಾರಸಿ ಅಪರೂಪ. ಹಾಕುವುದು ತಪ್ಪಲ್ಲ. ಕಬ್ಬಿಣದ ಕಂಬಗಳನ್ನು ಪ್ಯಾರಾಪೆಟ್ ನೆತ್ತಿಗೆ ಬೋಲ್ಟ್ ಹೊಡೆದು ನಿಲ್ಲಿಸುತ್ತಾರಲ್ಲ, ತಪ್ಪು ಅದು. ಆಷಾಢದ ಗಾಳಿ ಶೀಟನ್ನು ಮೇಲಕ್ಕೆತ್ತಿದಾಗ ಆ ಎಳೆತವೆಲ್ಲ ಗೋಡೆಯ ಮೇಲಿನ ಎರಡು ಸಾಲು ಬ್ಲಾಕಿಗೆ ಬೀಳುತ್ತದೆ.

ಭಾವನಿಗೆ ಫೋನಿನಲ್ಲಿ ಹೇಳಿದೆ: ಬೀಮಿನಿಂದಲೇ ಕಂಬಿ ಎಬ್ಬಿಸಿ ಎಂಟೆಂಟು ಅಡಿಗೆ ಸಣ್ಣ ಪಿಲ್ಲರ್ ಕೊಡಿ, ಮೇಲೊಂದು ಕಾಂಕ್ರೀಟ್ ಪಟ್ಟಿ ಹಾಕಿ ಕಟ್ಟಿ, ಶೀಟಿನ ಕಂಬ ಕಾಲಮ್ ಮೇಲೇ ಬರಲಿ, ಅಳತೆಯನ್ನು ಅಲ್ಲಿನ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ.

"ಖರ್ಚು ಜಾಸ್ತಿ ಆಗುತ್ತಲ್ಲೋ" ಅಂದರು.

ಆಗುತ್ತೆ ಭಾವ, ಅಂದೆ.