ರುಮ್‌ತ್ಸೆಯಿಂದ ತ್ಸೊ ಮೊರಿರಿಗೆ: ಗುಂಪು ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಲಡಾಖ್‌ನಲ್ಲಿ ಮಾರ್ಖಾ ಕಣಿವೆಯ ಚಾರಣ ಮುಗಿಸಿ ಬಂದ ಬೆಂಗಳೂರಿನ ಗುಂಪುಗಳು ಮುಂದೆ ಕಣ್ಣು ಹಾಯಿಸುವುದು ಸಾಮಾನ್ಯವಾಗಿ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಕಡೆಗೆ. ಲೇಹ್–ಮನಾಲಿ ಹೆದ್ದಾರಿಯ ಪಕ್ಕದ ರುಮ್‌ತ್ಸೆ ಹಳ್ಳಿಯಿಂದ ಹೊರಟು, ತ್ಸೊ ಕಾರ್ ಸರೋವರದ ಪಕ್ಕದಲ್ಲಿ ಹಾದು, ತ್ಸೊ ಮೊರಿರಿ ದಡದ ಕೊರ್ಜೋಕ್‌ವರೆಗೆ 7 ದಿನದ ನಡಿಗೆ. ಹಗ್ಗ ಬೇಡ, ಹಿಮನದಿ ದಾಟಬೇಕಿಲ್ಲ, ಎದೆ ನಡುಗಿಸುವ ಪ್ರಪಾತವೂ ಇಲ್ಲ. ಅದನ್ನು ನೋಡಿಯೇ ಸುಲಭ ಅಂದುಕೊಳ್ಳುತ್ತಾರೆ.

ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆಗೆ ಇರುವ ಒಂದೇ ಖಚಿತ ಮದ್ದು ಕೆಳಗಿಳಿಯುವುದು. ಕಣಿವೆಯಲ್ಲಾದರೆ ಎರಡು ಗಂಟೆ ಹಿಂದಕ್ಕೆ ನಡೆದರೆ 500 ಮೀಟರ್ ಇಳಿದಿರುತ್ತೀರಿ. ಪ್ರಸ್ಥಭೂಮಿಯಲ್ಲಿ ಹಾಗೆ ಇಳಿಯಲು ಜಾಗವೇ ಇಲ್ಲ. ತ್ಸೊ ಕಾರ್ ದಡವೇ 4,500 ಮೀಟರ್ ದಾಟಿದೆ. ಅಲ್ಲಿಗೆ ಜೀಪು ತರಿಸಿಕೊಂಡರೂ ಲೇಹ್ ಸೇರಲು ಒಂದೋ 5,328 ಮೀಟರ್‌ನ ತಗ್‌ಲಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) ಹತ್ತಬೇಕು, ಇಲ್ಲವೇ ಹೆಚ್ಚುಕಡಿಮೆ 5,000 ಮೀಟರ್‌ನ ಪೊಲೊಕೊಂಗ್ಕಾ ಲಾ ದಾಟಿ ಮಾಹೆ ಸೇತುವೆ ಕಡೆಯಿಂದ ಸಿಂಧೂ ಕಣಿವೆಗೆ ಇಳಿಯಬೇಕು. ಅಂದರೆ ಇಳಿಯುವುದಕ್ಕೂ ಮೊದಲು ಹತ್ತಲೇಬೇಕು. ಹಾಗಾಗಿ ಈ ದಾರಿಯ ಯೋಜನೆಯನ್ನು ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬುದರಿಂದ ಶುರು ಮಾಡಬೇಡಿ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದರಿಂದ ಶುರು ಮಾಡಿ.

ಮಲಗುವ ಜಾಗಗಳ ಎತ್ತರ ಹೀಗಿದೆ. ನಕ್ಷೆಯಿಂದ ನಕ್ಷೆಗೆ ಐವತ್ತು, ನೂರು ಮೀಟರ್ ಹೆಚ್ಚುಕಡಿಮೆ ಇರುತ್ತದೆ.

ಲೇಹ್ – 3,500
ರುಮ್‌ತ್ಸೆ – 4,200
ಕ್ಯಾಮಾರ್ – 4,400
ತಿಸಾಲಿಂಗ್ – 4,900
ಪೊಂಗಾನಗು (ತ್ಸೊ ಕಾರ್ ದಡ) – 4,550
ನುರುಚನ್ – 4,650
ರಾಜುಂಗ್ಕರು – 4,900
ಗ್ಯಾಮಾರ್ – 5,100ಕ್ಕೂ ಮೇಲೆ
ಕೊರ್ಜೋಕ್ – 4,550

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಇರಬೇಕು ಎಂಬುದು ವೈದ್ಯರು ಒಪ್ಪಿರುವ ನಿಯಮ. ಪಟ್ಟಿಯನ್ನು ಇದರ ಎದುರಿಗೆ ಇಟ್ಟು ನೋಡಿ. ಒಂದು ಕಡೆ ಎಡವುತ್ತದೆ, ಲೇಹ್‌ನಿಂದ ರುಮ್‌ತ್ಸೆಗೆ 700 ಮೀಟರ್; ಇನ್ನೊಂದು ಕಡೆ ಮಿತಿಯ ಅಂಚಿಗೇ ಬರುತ್ತದೆ, ಕ್ಯಾಮಾರ್‌ನಿಂದ ತಿಸಾಲಿಂಗ್‌ಗೆ 500. ಮೊದಲನೆಯದಕ್ಕೆ ಪರಿಹಾರ ಲೇಹ್‌ನಲ್ಲಿ ಮೂರು ಪೂರ್ತಿ ರಾತ್ರಿ. 920 ಮೀಟರ್‌ನ ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದವರಿಗೆ ಇದಕ್ಕಿಂತ ಕಡಿಮೆ ಸಾಲದು. ಎರಡನೆಯದಕ್ಕೆ ಪರಿಹಾರ ಕ್ಯಾಮಾರ್‌ನಲ್ಲಿ ಇನ್ನೊಂದು ರಾತ್ರಿ. ಪ್ಯಾಕೇಜುಗಳಲ್ಲಿ ಈ ರಾತ್ರಿ ಸಾಮಾನ್ಯವಾಗಿ ಇರುವುದಿಲ್ಲ. ಕೇಳಿ ಸೇರಿಸಿಕೊಳ್ಳಿ.

ಕ್ಯಾಮಾರ್ ರಾತ್ರಿಗೆ ಇನ್ನೊಂದು ಕಾರಣವೂ ಇದೆ. ಅಲ್ಲಿಂದ ಮರುದಿನ ಕ್ಯಾಮಾರ್ ಲಾ, ಮಂಡಲ್‌ಚನ್ ಲಾ ಎರಡನ್ನೂ ಒಂದೇ ದಿನ ದಾಟುತ್ತೀರಿ. ಎರಡೂ 5,100–5,200 ಮೀಟರ್. ದಾಟಿ ತಿಸಾಲಿಂಗ್‌ನಲ್ಲಿ ಮಲಗಿದ ಮೇಲೆ ಯಾರಿಗಾದರೂ ಕೆಟ್ಟರೆ, ಹಿಂದಕ್ಕೆ ಅವೇ ಎರಡು ಕಣಿವೆದಾರಿ, ಮುಂದಕ್ಕೆ ಇನ್ನೂ ತುಸು ಎತ್ತರದ ಶಿಬುಕ್ ಲಾ. ಕ್ಯಾಮಾರ್‌ನಲ್ಲಿರುವವರೆಗೆ ಮಾತ್ರ ರುಮ್‌ತ್ಸೆಗೂ, ಅಲ್ಲಿಂದ ಸಿಂಧೂ ಕಣಿವೆಯ ಉಪ್ಶಿಗೂ ಪೂರ್ತಿ ಇಳಿಜಾರು. ಯಾರು ಮುಂದೆ ಹೋಗಬೇಕು, ಯಾರು ಹಿಂದಿರುಗಬೇಕು ಎಂಬ ತೀರ್ಮಾನ ಅಲ್ಲೇ ಆಗಬೇಕು. ಎರಡನೆಯ ತೀರ್ಮಾನದ ಜಾಗ ನುರುಚನ್: ಹತ್ತಿರದಲ್ಲಿ ವಾಹನದ ರಸ್ತೆ ಇರುವ ಕೊನೆಯ ಬಿಡಾರ. ಅದು ಬಿಟ್ಟರೆ ಹೊರ್ಲಾಂ ಕೊಂಕಾ ಲಾ, ಆಮೇಲೆ 5,400 ದಾಟುವ ಕ್ಯಾಮಾಯುರಿ ಲಾ ಮತ್ತು ಯಾಲುಂಗ್ ನ್ಯಾವ್ ಲಾ. ಈ ಕೊನೆಯ ಎರಡರ ನಡುವೆ ಗ್ಯಾಮಾರ್‌ನಲ್ಲಿ ಮಲಗುವುದು. ಇಡೀ ದಾರಿಯ ಅತಿ ಎತ್ತರದ ರಾತ್ರಿ ಇದೇ, ಹೊರಬರಲು ಅತಿ ಕಷ್ಟದ ರಾತ್ರಿಯೂ ಇದೇ. ಸಾಮಾನ್ಯ ಜ್ವರ, ಭೇದಿ ಇರುವವರನ್ನೂ ನುರುಚನ್‌ನಿಂದ ಮುಂದೆ ಕರೆದೊಯ್ಯಬೇಡಿ.

ರಜೆಯ ಲೆಕ್ಕ ಈಗ ತಾನಾಗಿ ಬರುತ್ತದೆ. ಶನಿವಾರ ಬೆಳಗ್ಗೆ ಲೇಹ್, ಮಂಗಳವಾರ ರುಮ್‌ತ್ಸೆ, ಬುಧ–ಗುರು ಕ್ಯಾಮಾರ್, ಶುಕ್ರ ತಿಸಾಲಿಂಗ್, ಶನಿ ಪೊಂಗಾನಗು, ಭಾನು ನುರುಚನ್, ಸೋಮ ರಾಜುಂಗ್ಕರು, ಮಂಗಳ ಗ್ಯಾಮಾರ್, ಬುಧ ಕೊರ್ಜೋಕ್, ಗುರುವಾರ ಲೇಹ್. ಶುಕ್ರವಾರ ಖಾಲಿ, ಶನಿವಾರ ವಿಮಾನ. ಆಫೀಸಿನ 10 ದಿನ ರಜೆ. ಆ ಖಾಲಿ ಶುಕ್ರವಾರ ಲೇಹ್ ಪೇಟೆಯಲ್ಲಿ ಸುತ್ತಾಡಲು ಇಟ್ಟದ್ದಲ್ಲ. ದಾರಿಯಲ್ಲಿ ಹಿಮ ಬಿದ್ದರೆ, ಕುದುರೆ ತಪ್ಪಿಸಿಕೊಂಡರೆ ಖರ್ಚಾಗುವ ದಿನ ಅದು. 8 ದಿನ ರಜೆ ಸಾಕು, ಲೇಹ್‌ನಲ್ಲಿ ಒಂದು ದಿನ ಕಡಿಮೆ ಮಾಡೋಣ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅಷ್ಟೇ ರಜೆ ಇರುವವರು ಮಾರ್ಖಾಗೆ ಹೋಗಲಿ, ಅದೂ ಚೆನ್ನಾಗಿದೆ.

ಇನ್ನೂ ಎರಡು ದಿನ ಸಿಕ್ಕರೆ ಶ್ರೀನಗರದಿಂದ ರಸ್ತೆಯಲ್ಲಿ ಬನ್ನಿ. ಕಾರ್ಗಿಲ್ 2,700 ಮೀಟರ್ ಸಮೀಪ, ಅಲ್ಲಿ ಮಲಗಿ ಲೇಹ್ ಸೇರಿದರೆ ದೇಹ ಅರ್ಧ ತಯಾರಾಗಿರುತ್ತದೆ. ಮನಾಲಿ ರಸ್ತೆಯಲ್ಲಿ ಬಂದು ಸರ್ಚುವಿನಲ್ಲಿ ಮಲಗುವುದು ತಪ್ಪು. ಅದು 4,200 ದಾಟಿದ ಜಾಗ, ಮೊದಲ ರಾತ್ರಿಯೇ ಅಷ್ಟು ಎತ್ತರ ಯಾರಿಗೂ ಒಳ್ಳೆಯದಲ್ಲ. ಲೇಹ್ ವಿಮಾನಗಳು ಹಾರುವುದು ಹೆಚ್ಚಾಗಿ ಬೆಳಗ್ಗೆಯೇ, ಹವೆ ಕೆಟ್ಟರೆ ರದ್ದಾಗುತ್ತವೆ. ಆದ್ದರಿಂದ ದಿಲ್ಲಿಯಿಂದ ಬೆಂಗಳೂರಿಗೆ ಅದೇ ದಿನ ಬೇರೆ ಟಿಕೆಟ್ ಇಟ್ಟುಕೊಳ್ಳಬೇಡಿ. ಎರಡೂ ಒಂದೇ ಪಿಎನ್ಆರ್‌ನಲ್ಲಿರಲಿ.

ಗುಂಪು ಎಷ್ಟು ಜನರದ್ದಿರಬೇಕು? ಆರು. ಒಬ್ಬರಿಗೆ ಹುಷಾರು ತಪ್ಪಿದರೆ ಜೊತೆಗೆ ಇನ್ನೊಬ್ಬರು ಹಿಂದಿರುಗಲೇಬೇಕು, ಆಗಲೂ ನಾಲ್ವರು ಉಳಿಯುತ್ತಾರೆ. ನಾಲ್ವರ ಗುಂಪಿನಲ್ಲಿ ಅದೇ ಆದರೆ ಇಬ್ಬರು ಉಳಿಯುತ್ತಾರೆ, ಮತ್ತೆ ಏನಾದರೂ ಆದರೆ ಗತಿಯಿಲ್ಲ. ಎಂಟು, ಹತ್ತಾದರೆ ನಿಧಾನದವರಿಗೂ ವೇಗದವರಿಗೂ ನಡುವೆ ಎರಡು ಗಂಟೆಯ ಅಂತರ ಬೀಳುತ್ತದೆ. ಆ ಬಯಲಿನಲ್ಲಿ ಮುಂದಿನವರು ಕಣ್ಣಿಗೆ ಕಾಣುತ್ತಲೇ ಇರುತ್ತಾರೆ, ಕೂಗಿದರೆ ಮಾತ್ರ ಕೇಳುವುದಿಲ್ಲ.

ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವ ಆಸೆ ಇರುವವರಿಗೆ ತೂಕ ಹೇಳಿಬಿಡುತ್ತೇವೆ. ಆಹಾರ ಒಬ್ಬರಿಗೆ ದಿನಕ್ಕೆ 650 ಗ್ರಾಂ. 8 ದಿನಕ್ಕೆ ಇನ್ನೆರಡು ದಿನ ಹೆಚ್ಚುವರಿ ಸೇರಿಸಿದರೆ ಆರು ಜನಕ್ಕೆ 39 ಕಿಲೋ. ಇಬ್ಬರು ಮಲಗುವ ಮೂರು ಟೆಂಟು 9 ಕಿಲೋ, ಅಡುಗೆಗೆ ಮರೆಮಾಡುವ ಟಾರ್ಪಾಲು 4, ಕುಕ್ಕರ್, ಪಾತ್ರೆ, ಒಲೆ 8, ಗ್ಯಾಸ್ ಡಬ್ಬಿ 4, ಸ್ವಂತ ಸಾಮಾನು ತಲಾ 10. ಒಟ್ಟು 124 ಕಿಲೋ. ತಲೆಗೆ 20 ದಾಟಿತು, ನೀರು ಇನ್ನೂ ಸೇರಿಲ್ಲ. ಕುಮಾರ ಪರ್ವತವನ್ನು 20 ಕಿಲೋ ಹೊತ್ತು ಹತ್ತಿದ್ದೇವೆ ಎನ್ನುವವರಿರುತ್ತಾರೆ. ಅದು ಕಾಲಿಗೆ ಒಳ್ಳೆಯ ತಯಾರಿ, ಶ್ವಾಸಕೋಶಕ್ಕಲ್ಲ: ಅದರ ಎತ್ತರ 1,712 ಮೀಟರ್. 5,400 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಕುದುರೆ ತೆಗೆದುಕೊಳ್ಳಿ.

ಕುದುರೆಗೆ 40 ಕಿಲೋದಂತೆ ಹಿಡಿದರೆ ನಾಲ್ಕು ಬೇಕು, ಕುದುರೆಯವರ ಸಾಮಾನಿಗೆ ಇನ್ನೊಂದು. ಅರ್ಧ ದಾರಿಗೆ ಆಹಾರ ಕರಗಿ ಒಂದು ಕುದುರೆಯ ಬೆನ್ನು ಖಾಲಿಯಾಗುತ್ತದೆ. ನಡೆಯಲಾಗದವರನ್ನು ಕೂರಿಸಲು ಆಗ ಅದೇ ಆಸರೆ. ದರ ಮಾತಾಡುವಾಗ ಎರಡು ವಿಷಯ ಬಿಡಿಸಿ ಕೇಳಿ: ಕುದುರೆಗಳು ಕೊರ್ಜೋಕ್‌ನಿಂದ ಖಾಲಿ ಹಿಂದಿರುಗುವ ದಿನಗಳಿಗೂ ಕೂಲಿ ಇರುತ್ತದೆ, ಅದು ಎಷ್ಟು ದಿನ, ಮತ್ತು ಕುದುರೆಯವರ ಊಟ ಯಾರದ್ದು. ಬಿಡಾರದ ಜಾಗದ ಬಗ್ಗೆ ಅವರ ಜೊತೆ ವಾದಕ್ಕಿಳಿಯಬೇಡಿ. ಅವರು ನೋಡುವುದು ಹುಲ್ಲು ಮತ್ತು ನೀರು. ರಾತ್ರಿ ಮೇಯಲು ಬಿಟ್ಟ ಕುದುರೆಗಳು ಹುಲ್ಲು ಸಿಗದಿದ್ದರೆ ಮೈಲಿಗಟ್ಟಲೆ ಹೋಗಿರುತ್ತವೆ, ಬೆಳಗ್ಗೆ ಅವನ್ನು ಹಿಡಿದು ತರುವಷ್ಟರಲ್ಲಿ ಹತ್ತು ಗಂಟೆ.

ಹತ್ತು ಗಂಟೆಗೆ ಹೊರಡುವುದು ಯಾಕೆ ತೊಂದರೆ ಎಂದರೆ, ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಕರಗಿದ ನೀರಿನಿಂದ ತೊರೆಗಳೂ ತುಂಬುತ್ತವೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮೂರು ಗಂಟೆಗೆ ಮೊಣಕಾಲಿಗೆ ಬಂದಿರುತ್ತದೆ. ತೊರೆ ದಾಟಲು ಬೇರೆ ಚಪ್ಪಲಿ ಇರಲಿ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು. ಹವಾಯಿ ಚಪ್ಪಲಿ ತೇಲಿಹೋಗುತ್ತದೆ. ಟೆಂಟನ್ನು ನಾಲ್ಕು ಗಂಟೆಯೊಳಗೆ ಕಟ್ಟಿ ಮುಗಿಸಿ. ತ್ಸೊ ಕಾರ್ ಸುತ್ತ ನೆಲ ಉಪ್ಪು ಕಟ್ಟಿದ ಸಡಿಲ ಮಣ್ಣು, ಗೂಟ ನಿಲ್ಲುವುದಿಲ್ಲ. ಪ್ರತಿ ಟೆಂಟಿಗೆ ನಾಲ್ಕು ಖಾಲಿ ಬಟ್ಟೆ ಚೀಲ ಒಯ್ದು, ಕಲ್ಲು ತುಂಬಿ ಹಗ್ಗ ಕಟ್ಟುವುದು ಗೂಟಕ್ಕಿಂತ ಗಟ್ಟಿ.

ತ್ಸೊ ಕಾರ್ ನೀರು ಕುಡಿಯುವಂತಿಲ್ಲ. ಇಲ್ಲಿನ ಅಲೆಮಾರಿ ಪಶುಪಾಲಕರಾದ ಚಾಂಗ್‌ಪಾ ಜನ ಹಿಂದೆ ಇದರ ದಡದಿಂದ ಉಪ್ಪು ತೆಗೆದು ಮಾರುತ್ತಿದ್ದರು. ಪೊಂಗಾನಗುವಿನಲ್ಲಿ ಸಿಹಿನೀರಿನ ಒರತೆ ಇದೆ. ಅಲ್ಲಿಂದ ನುರುಚನ್‌ಗೆ ಹೊರಡುವಾಗ ಪ್ರತಿಯೊಬ್ಬರ ಬಳಿ 3 ಲೀಟರ್ ಇರಲಿ. ಅದು ಸಪಾಟು ದಾರಿ, ಸುಲಭ ಅನ್ನಿಸುತ್ತದೆ, ಆದರೆ ನೆರಳೆಂಬುದು ಒಂದಿಷ್ಟೂ ಇಲ್ಲ. ಉಳಿದೆಡೆ ತೊರೆಗಳಿವೆ, ಮೇಲ್ಗಡೆ ಯಾಕ್, ಕುರಿ, ಪಶ್ಮೀನಾ ಆಡುಗಳ ಹಿಂಡು ಇದ್ದೇ ಇರುತ್ತದೆ, ಹಾಗಾಗಿ ಸೋಸಿ ಇಲ್ಲವೇ ಕುದಿಸಿ ಕುಡಿಯಿರಿ. ಟೊಳ್ಳು ನಾರಿನ ಫಿಲ್ಟರ್ ಒಮ್ಮೆ ಒಳಗೆ ಹೆಪ್ಪುಗಟ್ಟಿದರೆ ಮುಗಿಯಿತು: ನೋಡಲು ಸರಿಯಾಗಿಯೇ ಇರುತ್ತದೆ, ಸೋಸುವುದಿಲ್ಲ. ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಗ್ಯಾಸ್ ಡಬ್ಬಿಯನ್ನೂ. ಬರೀ ಬ್ಯೂಟೇನ್ ತುಂಬಿದ ಡಬ್ಬಿ ಮುಂಜಾನೆಯ ಚಳಿಗೆ ಸೋಮಾರಿಯಾಗುತ್ತದೆ. ಸಿಕ್ಕರೆ ಪ್ರೊಪೇನ್ ಬೆರೆತದ್ದು ತೆಗೆದುಕೊಳ್ಳಿ. ವಿಮಾನದಲ್ಲಿ ಡಬ್ಬಿ ಒಯ್ಯುವಂತಿಲ್ಲ, ಲೇಹ್‌ನಲ್ಲೇ ಕೊಳ್ಳಬೇಕು. ದಿನಕ್ಕೆ ತಲಾ 40 ಗ್ರಾಂ ಎಂದರೆ 10 ದಿನಕ್ಕೆ 2,400 ಗ್ರಾಂ, 230 ಗ್ರಾಂನ 11 ಡಬ್ಬಿ.

ಅಡುಗೆಯಲ್ಲಿ ಎಡವುವುದು ತೊಗರಿಬೇಳೆ. 4,500 ಮೀಟರ್‌ನಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ, ಗ್ಯಾಸ್ ಮಾತ್ರ ಖಾಲಿಯಾಗುತ್ತದೆ. ಕುಕ್ಕರ್‌ನಲ್ಲಿಟ್ಟರೂ ಒಳಗಿನ ಬಿಸಿ ಊರಿನಲ್ಲಿದ್ದಷ್ಟು ಏರದು, ಎರಡು ಸೀಟಿ ಹೆಚ್ಚು ಬೇಕು. 5 ಲೀಟರ್ ಕುಕ್ಕರ್ ಒಂದು, ಅದರ ರಬ್ಬರ್ ರಿಂಗ್ ಎರಡು ಒಯ್ಯಿರಿ. ತೊಗರಿ ಬಿಟ್ಟು ಹೆಸರುಬೇಳೆ ಇರಲಿ. ಬೆಳಗ್ಗೆಗೆ ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದ ರವೆ, ತೆಳು ಅವಲಕ್ಕಿ. ನಡುಹಗಲಿಗೆ ಹುರಿಹಿಟ್ಟು, ಬೆಲ್ಲ, ತುಪ್ಪ: ಒಲೆ ಹಚ್ಚಬೇಕಿಲ್ಲ, ಬಿಸಿನೀರಿನ ಫ್ಲಾಸ್ಕ್ ಇದ್ದರೆ ಐದು ನಿಮಿಷ. ಲಡಾಖಿಗಳು ಹುರಿದ ಬಾರ್ಲಿ ಹಿಟ್ಟಿನಲ್ಲಿ ಮಾಡುವುದೂ ಇದನ್ನೇ, ನಿಮ್ಮ ಹಿಟ್ಟು ಮುಗಿದರೆ ಅವರದ್ದು ಕೊಳ್ಳಬಹುದು. ಎತ್ತರದಲ್ಲಿ ಹಸಿವು ಸಾಯುತ್ತದೆ. ಶೇಂಗಾ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿಯ ಅರ್ಧ ಕಿಲೋ ತೂಕಕ್ಕೆ ಜಿಪುಣತನ ಬೇಡ.

ಆರೋಗ್ಯದ ಮಾತು ಹೊರಡುವ ಮೊದಲೇ ಬರಹದಲ್ಲಿರಲಿ, ಆರೂ ಜನ ಓದಿ ಒಪ್ಪಿರಲಿ. ತಲೆನೋವು ಪ್ಯಾರಾಸಿಟಮಾಲ್‌ಗೂ ವಿಶ್ರಾಂತಿಗೂ ಬಗ್ಗದಿದ್ದರೆ ಮರುದಿನ ಏರುವುದಿಲ್ಲ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿರಬಹುದು. ಈ ಎರಡರಲ್ಲಿ ಯಾವುದಾದರೂ ಬೆಳಗಾಗುವವರೆಗೆ ಕಾಯುವಂಥದ್ದಲ್ಲ. ಎತ್ತರದ ಕಾಯಿಲೆ ಬರದಂತೆ ತಡೆಯಲು ಅಸಿಟಜೋಲಮೈಡ್ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಎಂಬುದು ರೂಢಿ. ಸಲ್ಫಾ ಅಲರ್ಜಿ ಇರುವವರು, ಬಿಪಿ–ಶುಗರ್ ಮಾತ್ರೆಯವರು ಊರಿನಲ್ಲೇ ವೈದ್ಯರನ್ನು ಕೇಳಿ. ಕಾಯಿಲೆ ಮಿದುಳಿಗೆ, ಶ್ವಾಸಕೋಶಕ್ಕೆ ಏರಿದಾಗ ಕೊಡುವ ಡೆಕ್ಸಾಮೆಥಸೋನ್, ನಿಫೆಡಿಪಿನ್ ಯಾವಾಗ ಎಷ್ಟು ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಅಂಕಿಗೆ ಜೋತುಬೀಳಬೇಡಿ, ಬೆರಳು ತಣ್ಣಗಿದ್ದರೆ ಅದು ಏನೇನೋ ತೋರಿಸುತ್ತದೆ. ತೀರ್ಮಾನ ಯಾರದ್ದು ಎಂಬುದೂ ಬರಹದಲ್ಲಿರಲಿ. ಕಾಯಿಲೆಯವರಿಗೆ ಮತವಿಲ್ಲ, ನಾನು ಸರಿಯಿದ್ದೇನೆ ಎನ್ನುವುದೂ ಕಾಯಿಲೆಯ ಲಕ್ಷಣವೇ.

ಕಾಗದಪತ್ರ ಸಣ್ಣ ಕೆಲಸ. 2021ರ ಆಗಸ್ಟ್‌ನಿಂದ ಭಾರತೀಯರಿಗೆ ಗಡಿ ಪ್ರದೇಶಕ್ಕೆ ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕಿಲ್ಲ, ಪರಿಸರ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿ ಒಯ್ದರೆ ಸಾಕು. ಅಮೆರಿಕದಿಂದಲೋ ಸಿಂಗಾಪುರದಿಂದಲೋ ಬಂದು ಸೇರುವ ಗೆಳೆಯರಿದ್ದರೆ ಅವರ ಪಾಸ್‌ಪೋರ್ಟ್ ವಿಚಾರಿಸಿ: ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು, ಅಂದರೆ ಒಸಿಐ ಕಾರ್ಡ್‌ನವರು, ಇಲ್ಲಿ ವಿದೇಶಿಯರ ಲೆಕ್ಕ, ಲೇಹ್‌ನ ಏಜೆಂಟರ ಮೂಲಕ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಮಾಡಿಸಬೇಕು. ಹಾಗೆಯೇ ಅವರ ಬ್ಯಾಗಿನಲ್ಲಿ ಉಪಗ್ರಹ ಫೋನೋ, ಉಪಗ್ರಹ ಸಂದೇಶದ ಸಾಧನವೋ ಇದೆಯೇ ಕೇಳಿ. ಅನುಮತಿಯಿಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕವರಿದ್ದಾರೆ. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಬೇಕು, ಅದೂ ಲೇಹ್‌ವರೆಗೆ. ದಾರಿಯಲ್ಲಿ ಸಿಗ್ನಲ್ ಇಲ್ಲವೆಂದೇ ಲೆಕ್ಕ. ನಗದನ್ನೂ ಲೇಹ್‌ನಲ್ಲೇ ತೆಗೆದಿಟ್ಟುಕೊಳ್ಳಿ. ವಿಮೆ ಮಾಡಿಸುವವರು ಎತ್ತರದ ಮಿತಿ ಎಷ್ಟೆಂದು ಓದಿ, 4,500ಕ್ಕೆ ನಿಲ್ಲುವ ಪಾಲಿಸಿ ಇಲ್ಲಿ ಕೆಲಸಕ್ಕೆ ಬಾರದು.

ತ್ಸೊ ಕಾರ್, ತ್ಸೊ ಮೊರಿರಿ ಎರಡೂ ರಾಮ್ಸಾರ್ ತಾಣಗಳು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳು. ಕಪ್ಪು ಕತ್ತಿನ ಕೊಕ್ಕರೆ ಜೌಗು ಹುಲ್ಲಿನಲ್ಲಿ ಗೂಡು ಕಟ್ಟುವುದು ಜೂನ್–ಜುಲೈನಲ್ಲಿ, ನೀವು ಹೋಗುವ ಕಾಲದಲ್ಲೇ. ಹಸಿರು ಕಂಡಲ್ಲಿ ಅಡ್ಡ ಹಾಯದೆ ಕಾಲುದಾರಿ ಹಿಡಿಯಿರಿ. ಚಾಂಗ್‌ಪಾಗಳ ಯಾಕ್ ಕೂದಲಿನ ಕಪ್ಪು ಟೆಂಟು ಕಂಡರೆ ದೂರದಲ್ಲೇ ನಿಂತು ಕೂಗಿ, ಅವರು ತಮ್ಮ ನಾಯಿಗಳನ್ನು ಕರೆದುಕೊಂಡ ಮೇಲೆ ಹತ್ತಿರ ಹೋಗಿ.

ಕೊರ್ಜೋಕ್‌ಗೆ ಬರುವ ವಾಹನವನ್ನು ಲೇಹ್‌ನಲ್ಲೇ ಗೊತ್ತು ಮಾಡಿ, ಗುರುವಾರ ಬೆಳಗ್ಗೆ ಎಂದಲ್ಲ, ಬುಧವಾರ ಸಂಜೆಗೇ ಬಂದು ರಾತ್ರಿ ತಂಗುವಂತೆ ಹೇಳಿ. ಲೇಹ್ ಅಲ್ಲಿಂದ 200 ಕಿಲೋಮೀಟರ್‌ಗೂ ಹೆಚ್ಚು. ನೀವು ಹೇಳಿದ ದಿನ ಬರದಿದ್ದರೆ ಚಾಲಕ ಇನ್ನೊಂದು ರಾತ್ರಿ ಕಾಯಬೇಕು, ಆ ದಿನದ ಬಾಡಿಗೆ ಎಷ್ಟು ಎಂಬುದೂ ಆಗಲೇ ತೀರ್ಮಾನವಾಗಿರಲಿ. ಎರಡನೆಯ ರಾತ್ರಿಯೂ ಕಳೆದು ನೀವು ಕಾಣದಿದ್ದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂದು ಒಂದು ಹೆಸರು, ಫೋನ್ ನಂಬರು ಬರೆದ ಚೀಟಿ ಅವರ ಕೈಯಲ್ಲಿರಲಿ. ಅದರ ನಕಲು ಲೇಹ್‌ನ ಗೆಸ್ಟ್‌ಹೌಸ್‌ನವರ ಹತ್ತಿರ.