ಎಲ್ಲಿ ಕೈ ಕೊಡುತ್ತೆ ಅಂತ ಗೊತ್ತು

ಈ ವಾರ, ತೋಟದ ಟೊಮೇಟೊ ಮಂಡಿಗೆ ಹೊರುವ ನಮ್ಮ ಟಾಟಾ 207 ಪಿಕಪ್‌ಗೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಿದೆವು. ಪಾಸಾಯಿತು. ಆದರೆ ಅಲ್ಲಿ ಚಿಕ್ಕಪ್ಪ ಆಡಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಕೆಲಸ ಗೊತ್ತಿದ್ದವರು. ಲೈಟು, ಇಂಡಿಕೇಟರ್, ವೈಪರ್, ಹಾರನ್ ಎಲ್ಲಾ ಹಾಕಿಸಿ ನೋಡಿದರು. ಹಿಂದೆ ಕೆಂಪು ಪಟ್ಟಿ, ಮುಂದೆ ಬಿಳಿ ಪಟ್ಟಿ ಇದೆಯಾ ನೋಡಿದರು. ಹ್ಯಾಂಡ್‌ಬ್ರೇಕ್ ಎಳೆಸಿ ಗಾಡಿ ತಳ್ಳಿಸಿದರು. ಅಂಗಿ ಕೊಳೆಯಾಗುತ್ತೆ ಅಂತ ಯೋಚಿಸದೆ ಗಾಡಿಯ ಅಡಿಗೆ ಬಗ್ಗಿ, ಲೋಡು ತಡೆಯುವ ಸ್ಪ್ರಿಂಗ್ ಪ್ಲೇಟುಗಳನ್ನು ನೋಡಿದರು. ಹಾಗೆ ನೋಡುವವರು ಕಡಿಮೆ, ಅದಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಆಮೇಲೆ ಕಾಗದದಲ್ಲಿ 2006 ಅಂತ ಇದ್ದದ್ದು ನೋಡಿ ತಲೆ ಎತ್ತಿದರು.

"ಯಜಮಾನ್ರೇ, ಇಷ್ಟು ಹಳೇ ಗಾಡಿ ನಂಬ್ಕೊಂಡು ರಾತ್ರಿ ಹೊತ್ತು ಮಂಡಿಗೆ ಹೋಗ್ತೀರಲ್ಲ, ಎಲ್ಲಾದ್ರೂ ಕೈ ಕೊಟ್ರೆ?"

"ಕೊಡುತ್ತೆ ಸಾರ್. ಎಲ್ಲಿ ಕೊಡುತ್ತೆ ಅಂತ ನನಗೆ ಗೊತ್ತು. ಹೊಸದು ಎಲ್ಲಿ ಕೊಡುತ್ತೆ ಅಂತ ಗೊತ್ತಿಲ್ಲ."

ಹಿಂದೆ ಸಾಲಲ್ಲಿದ್ದವರು ನಕ್ಕರು. ಇನ್‌ಸ್ಪೆಕ್ಟರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅವರು ತಮಾಷೆಗೆ ಹೇಳಿದ್ದಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ಆ ಮಾತು ಕೇಳಿದ ಮೇಲೆ ಸಾಲಲ್ಲಿ ಎಲ್ಲರೂ ತಮ್ಮ ತಮ್ಮ ಗಾಡಿಯ ಕಥೆ ಶುರುಮಾಡಿದರು. ಮುಳಬಾಗಿಲು ಕಡೆಯ ಒಬ್ಬರದು ಹಳೇ ಬೊಲೆರೊ ಪಿಕಪ್. ಇಂಜಿನ್ ಇದುವರೆಗೂ ಬಿಚ್ಚಿಲ್ಲ ಅಂದರು. ಹಾಲಿನ ಕ್ಯಾನ್ ಸಾಗಿಸುವ ಗಾಡಿ, ನೀರು ಸೋರಿ ಸೋರಿ ಬಾಡಿಯ ತಗಡು ಮಾತ್ರ ತೂತು ಬಿದ್ದಿದೆ. ತಗಡು ಬದಲಾಯಿಸಿಕೊಂಡು ಓಡಿಸುತ್ತಿದ್ದಾರೆ. ಇನ್ನೊಬ್ಬರದು ನಮ್ಮದೇ ಥರದ 207. ಇಟ್ಟಿಗೆ ಹೊಡೆಯುತ್ತಾರಂತೆ. ಚಾಸಿಸ್ ಬಿರುಕು ಬಿಟ್ಟು ಎರಡು ಕಡೆ ವೆಲ್ಡಿಂಗ್ ಆಗಿದೆ. "ಎಷ್ಟು ಹಾಕಿದ್ರೂ ಎಳೆಯುತ್ತೆ" ಅಂತ ಹೆಮ್ಮೆಯಿಂದ ಹೇಳಿದರು. ನನಗೆ ಅದು ಇಷ್ಟವಾಗಲಿಲ್ಲ. ಒಂದೂಕಾಲು ಟನ್ನಿನ ಗಾಡಿಗೆ ಅದರ ಎರಡರಷ್ಟು ಹೇರಿ, ಅದು ಮುರಿಯದೆ ನಿಂತರೆ ಅದನ್ನೇ ಗಟ್ಟಿತನ ಅನ್ನುವುದು ಸರಿಯಲ್ಲ. ಬಿರುಕು ಬಿಟ್ಟ ಚಾಸಿಸ್ ಇಟ್ಟುಕೊಂಡು ಇಳಿಜಾರಿನಲ್ಲಿ ಬರುವವರ ಎದುರು ನಾವೂ ಹೋಗುತ್ತೇವೆ, ಅಲ್ವಾ?

ಅಲ್ಲಿ ನಿಂತು ಕೇಳಿದರೆ ಹಳೇ ಗಾಡಿಗಳೆಲ್ಲಾ ಸಾವಿಲ್ಲದವು ಅನ್ನಿಸುತ್ತೆ. ಆದರೆ ಎಫ್‌ಸಿ ಸಾಲಿನಲ್ಲಿ ಬಂದು ನಿಲ್ಲುವುದು ಉಳಿದ ಗಾಡಿಗಳು ಮಾತ್ರ. ಗುಜರಿಗೆ ಹೋದ ಗಾಡಿಗಳ ಮಾಲೀಕರು ಅಲ್ಲಿ ಕಥೆ ಹೇಳಲು ಬರುವುದಿಲ್ಲ. ಹಾಗಾಗಿ "207 ಅಂದ್ರೆ ಹೀಗೆ, ಬೊಲೆರೊ ಅಂದ್ರೆ ಹೀಗೆ" ಅನ್ನುವ ಮಾತನ್ನು ಪೂರ್ತಿ ನಂಬಲು ನನಗೆ ಮನಸ್ಸು ಬರಲಿಲ್ಲ. ಅದೇ ವರ್ಷದ, ಅದೇ ಮಾದರಿಯ ಗಾಡಿಗಳು ನಮ್ಮ ಸುತ್ತಲಿನ ಊರುಗಳಲ್ಲಿ ಎಷ್ಟೋ ಇದ್ದವು. ಈಗ ಎಷ್ಟು ಕಾಣುತ್ತವೆ? ಉಳಿದದ್ದು ಯಾಕೆ ಉಳಿಯಿತು ಅನ್ನುವುದೇ ನನಗೆ ಮುಖ್ಯ ಅನ್ನಿಸಿದ್ದು.

ಮನೆಗೆ ಬಂದು ಲೆಕ್ಕದ ಪುಸ್ತಕಗಳನ್ನು ತೆಗೆದೆ. ಗಾಡಿ ಖರ್ಚು ಬರೆಯುವುದು ನನ್ನ ಕೆಲಸ. ನನಗಿಂತ ಮೊದಲು ಅಪ್ಪ ಬರೆಯುತ್ತಿದ್ದರು. ಬರೆಯುವಾಗ ಅದು ಸುಮ್ನೆ ಖರ್ಚು. ಒಟ್ಟಿಗೆ ಕೂತು ಓದಿದಾಗ ಬೇರೆಯೇ ಕಂಡಿತು. ಅವೇ ಹೆಸರುಗಳು ಮತ್ತೆ ಮತ್ತೆ. ಕ್ಲಚ್ ಪ್ಲೇಟ್. ಸೆಲ್ಫ್ ಮೋಟರ್. ಇಂಜಿನ್ ಒಳಗೆ ಡೀಸೆಲ್ ಸಿಡಿಸುವ ನಾಝಲ್. ಹಿಂದಿನ ಚಕ್ರಕ್ಕೆ ತಿರುಗುವ ಶಾಫ್ಟಿನ ಕ್ರಾಸ್. ಹಿಂದಿನ ಪ್ಲೇಟ್ ಕಟ್. ಇಂಜಿನ್ ಒಂದು ಸಲ ಬಿಚ್ಚಿ ಬೋರ್ ಮಾಡಿಸಿದ್ದಾಗಿದೆ. ಇವು ಯಾವುವೂ ಕಂಪನಿಯ ತಪ್ಪಲ್ಲ. ನಮ್ಮ ತೋಟದ ದಾರಿ, ನಮ್ಮ ಲೋಡು, ಸವೆಯಬೇಕಾದದ್ದು ಸವೆದಿದೆ. ನನ್ನ ಕಣ್ಣಿಗೆ ಬಿದ್ದದ್ದು ಅದರಲ್ಲಿದ್ದ ಕ್ರಮ. ಕ್ಲಚ್ ಹೆಚ್ಚುಕಡಿಮೆ ಪ್ರತಿ ಸಲವೂ ಟೊಮೇಟೊ ಸೀಸನ್‌ಗೆ ಮುಂಚೆ ಹಾಕಿಸಿದ್ದಾರೆ, ಮಧ್ಯದಲ್ಲಿ ಅಲ್ಲ. ಕ್ರಾಸ್ ಮುರಿದು ಹಾಕಿಸಿದ್ದಲ್ಲ, ಸದ್ದು ಬಂದಾಗಲೇ ಹಾಕಿಸಿದ್ದು.

"ಎಲ್ಲಿ ಕೊಡುತ್ತೆ ಅಂತ ನನಗೆ ಗೊತ್ತು." ಇದು ಜಂಬದ ಮಾತು ಅಂತ ಯಾರಿಗಾದರೂ ಅನ್ನಿಸಿದರೆ ಆ ಪುಸ್ತಕ ತೋರಿಸಬಹುದು.

2023ರ ಜುಲೈ ನೆನಪಿರಬಹುದು. ಕೋಲಾರ ಮಂಡಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳು. ಎಂಬತ್ತು ಬಾಕ್ಸ್ ಹೇರಿದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಮಾಲು. ಗಾಡಿ ಮಾರಿದರೂ ಅಷ್ಟು ಬರುತ್ತಿತ್ತೋ ಇಲ್ಲವೋ. ಬೆಂಗಳೂರಿನಲ್ಲಿ ಟೊಮೇಟೊ ತುಂಬಿದ ಗಾಡಿಯನ್ನೇ ಹೊತ್ತೊಯ್ದ ಸುದ್ದಿ ಬಂದದ್ದೂ ಆಗಲೇ. ಆಗ ಊರಿನಲ್ಲಿ ಕೆಲವರು ಬೇರೆ ಹೊಸ ಗಾಡಿ ಬಾಡಿಗೆಗೆ ತಗೊಳ್ಳಿ ಅಂದರು. ಚಿಕ್ಕಪ್ಪ ಒಪ್ಪಲಿಲ್ಲ. ಸೀಸನ್‌ಗೆ ಮುಂಚೆ ಕ್ಲಚ್, ನಾಲ್ಕೂ ಚಕ್ರದ ಹಬ್‌ನ ಗ್ರೀಸು, ಫ್ಯಾನ್ ಬೆಲ್ಟು, ರೇಡಿಯೇಟರ್ ಹೋಸು, ಎಲ್ಲಾ ನೋಡಿಸಿದ್ದರು. ಹರಾಜು ಬೆಳಗ್ಗೆ ಬೇಗ. ಗಾಡಿ ನಡುದಾರಿಯಲ್ಲಿ ನಿಂತರೆ ಆ ದಿನದ ರೇಟು ಹೋಯಿತು ಅಂತಲೇ ಲೆಕ್ಕ. ನಿಲ್ಲಲಿಲ್ಲ. ಇಡೀ ಸೀಸನ್ ಒಂದು ಬಾಕ್ಸೂ ತಡವಾಗಿ ಮಂಡಿ ಸೇರಲಿಲ್ಲ.

ಅದೇ ಸೀಸನ್‌ನಲ್ಲಿ ಪಕ್ಕದೂರಿನವರ ಹೊಸ ಪಿಕಪ್ ಹೆದ್ದಾರಿಯಲ್ಲಿ ಶಕ್ತಿ ಕಳೆದುಕೊಂಡು ನಡೆಯುವಷ್ಟು ನಿಧಾನಕ್ಕೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಲೈಟು ಉರಿಯುತ್ತಿತ್ತು. ಇಂಜಿನ್‌ಗೆ ಏನೂ ಆಗಿರಲಿಲ್ಲ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದರೆ ಅದು ಬಿಸಿಯಾಗಿ ಸುಟ್ಟುಕೊಳ್ಳಬೇಕು. ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ರಸ್ತೆಗೆ, ರಸ್ತೆಯಿಂದ ತೋಟಕ್ಕೆ ಓಡಾಡುವ ಗಾಡಿಗೆ ಆ ಅವಕಾಶ ಎಲ್ಲಿ? ಕೊನೆಗೆ ಸ್ಕ್ಯಾನರ್ ಇರುವ ಕಡೆಗೆ ಎಳೆದುಕೊಂಡು ಹೋದರು. ಆ ಹುಡುಗ ಒಳ್ಳೇ ಡ್ರೈವರ್. ಗಾಡಿ ಏನು ಕೇಳುತ್ತಿದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾರುವಾಗ ಅವನಿಗೆ ಮ್ಯೂಸಿಕ್ ಸಿಸ್ಟಮ್ ಬಗ್ಗೆ ಹೇಳಿದವರು ಇದನ್ನು ಹೇಳಬೇಕಿತ್ತು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ನಮ್ಮ ಗಾಡಿಯಲ್ಲಿ ಅಂಥ ಕಷ್ಟ ಇಲ್ಲ. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಬೋಲ್ಟು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈ ಪಂಪು ಒತ್ತಿದರೆ ಆಯಿತು. ಬ್ಯಾಟರಿ ಕೂತರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಒಂದು ಸಲ ಸ್ಟಾರ್ಟ್ ಆದರೆ ಡೀಸೆಲ್ ಇರುವ ತನಕ ಓಡುತ್ತದೆ. ಇಂಜಿನ್‌ಗೆ ಡೀಸೆಲ್ ಒತ್ತುವ ಪಂಪಿಗೆ ನಮ್ಮ ಕಡೆ ಈಗಲೂ ಮೈಕೋ ಪಂಪು ಅಂತಲೇ ಹೆಸರು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ಮೆಕ್ಯಾನಿಕ್‌ಗಳು ಬದಲಾಯಿಸಿಕೊಳ್ಳಲಿಲ್ಲ.

ಹಾಗಂತ ಹಳೇ ಗಾಡಿಯೇ ಒಳ್ಳೇದು ಅಂತ ನಾನು ಹೇಳಲಾರೆ. ಎಫ್‌ಸಿ ಮುಗಿಸಿ ಬಂದ ರಾತ್ರಿ ಚಿಕ್ಕಪ್ಪ ಆ ಮಾತನ್ನು ಊಟಕ್ಕೆ ಕೂತಾಗ ಮತ್ತೆ ಹೇಳಿದರು. ಚಿಕ್ಕಮ್ಮ ಸಾರು ಬಡಿಸುತ್ತಿದ್ದವರು ಅಲ್ಲೇ ನಿಂತರು.

"ಎಲ್ಲಿ ಕೈ ಕೊಡುತ್ತೆ ಅಂತ ನಿಮಗೆ ಗೊತ್ತು. ಎದುರಿಗೆ ಬರೋನಿಗೆ ಗೊತ್ತಾ?"

ಯಾರೂ ಮಾತಾಡಲಿಲ್ಲ. ಚಿಕ್ಕಮ್ಮ ಹೇಳಿದ್ದು ನಿಜ. ಈ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ನಾಝಲ್ ಕೆಟ್ಟಾಗ ಬಿಡುವ ಕಪ್ಪು ಹೊಗೆ ಹಿಂದೆ ಬೈಕಿನಲ್ಲಿ ಬರುವವರ ಮುಖಕ್ಕೇ ಹೋಗುತ್ತದೆ. ಆ ಫಿಲ್ಟರ್ ಬೈದುಕೊಳ್ಳುವ ನಾವು, ಅದು ಹಿಡಿದಿಟ್ಟ ಮಸಿ ಯಾರ ಎದೆಗೆ ಹೋಗಬೇಕಿತ್ತು ಅಂತ ಯೋಚಿಸುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಬೇಕು ಅನ್ನುವ ನಿಯಮ ನನಗೆ ಸರಿ ಅನ್ನಿಸುತ್ತದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದವುಗಳಿಗೆ ಶುಲ್ಕ ಏರಿಸಿದಾಗ ಚಿಕ್ಕಪ್ಪ ಗೊಣಗಿದರು. ದುಡ್ಡು ಜಾಸ್ತಿ ತಗೊಳ್ಳುವುದಕ್ಕಿಂತ, ಮೊನ್ನೆಯ ಇನ್‌ಸ್ಪೆಕ್ಟರ್ ಥರ ಬಗ್ಗಿ ನೋಡುವವರು ಎಲ್ಲಾ ಕಡೆ ಇದ್ದರೆ ಸಾಕು ಅಂತ ನನ್ನ ಅನಿಸಿಕೆ. ವಯಸ್ಸು ನೋಡಿ ಗಾಡಿ ತಳ್ಳಿಹಾಕಬಾರದು. ವಯಸ್ಸಿನ ಮೇಲಿನ ಪ್ರೀತಿಗೆ ಪಾಸೂ ಮಾಡಬಾರದು.

ಮತ್ತೆ ಮತ್ತೆ ಯೋಚಿಸಿದಾಗ ಚಿಕ್ಕಪ್ಪನ ಮಾತಿನಲ್ಲಿ ನನಗೆ ಇನ್ನೊಂದು ಕೇಳತೊಡಗಿತು. "ನನಗೆ ಗೊತ್ತು" ಅಂದರು. ಅವರಿಗೆ ಗೊತ್ತು. ನಮಗೆ? ಮೂರನೇ ಗೇರಿಗೆ ಬದಲಾಯಿಸುವಾಗ ಬರುವ ಒಂದು ಸಣ್ಣ ಸದ್ದನ್ನು ಕೇಳಿ ಅವರು ಹೇಳುತ್ತಾರೆ, ಇದು ಇನ್ನೂ ಎರಡು ತಿಂಗಳು ಬರುತ್ತೆ ಅಂತ. ನನ್ನ ತಮ್ಮ ಓಡಿಸುವಾಗ ಆ ಸದ್ದು ಅವನಿಗೆ ಕೇಳುವುದೇ ಇಲ್ಲ, ಮೊಬೈಲಿನ ಹಾಡು ಕೇಳುತ್ತಿರುತ್ತದೆ. ಎಫ್‌ಸಿ ಸಾಲಿನಲ್ಲಿದ್ದವರೆಲ್ಲಾ ತಮ್ಮ ಗಾಡಿ ಗಟ್ಟಿ ಅಂದರು. ನನಗೆ ಕಂಡದ್ದು ಗಾಡಿಯನ್ನು ಅಷ್ಟು ವರ್ಷ ಬಿಡದೆ ಓಡಿಸಿದ ಒಬ್ಬೊಬ್ಬ ಮನುಷ್ಯ. ಗಾಡಿ ಮಾರಿದರೆ ಆರ್‌ಸಿ ಹೋಗುತ್ತದೆ, ಕೀ ಹೋಗುತ್ತದೆ, ಸ್ಟೆಪ್ನಿಯೂ ಹೋಗುತ್ತದೆ. ಕಿವಿ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡವರು "ಅವರ ಹತ್ರ ಚೆನ್ನಾಗಿತ್ತು, ನಮ್ಮ ಹತ್ರ ಬಂದು ಕೆಟ್ಟಿತು" ಅಂತ ಗೋಳಾಡುವುದು ಇದಕ್ಕೇ ಇರಬೇಕು.

ಬರೀ ಚಿಕ್ಕಪ್ಪನ ಕಿವಿಯೂ ಸಾಲದು. ಪ್ಲೇಟ್ ಕಟ್ಟಾದರೆ ಬಡಿದು ಕೊಡುವವರು ಬೇಕು. ಬುಷ್ ಸಿಗದಿದ್ದರೆ ತಿರುಗಿಸಿ ಕೊಡುವ ಲೇತ್ ಅಂಗಡಿ ಬೇಕು. ಪಂಪು, ನಾಝಲ್ ನೋಡುವ ಮೇಸ್ತ್ರಿ ಬೇಕು. ನಮ್ಮ ಪಂಪ್ ಮೇಸ್ತ್ರಿಗೆ ವಯಸ್ಸಾಗಿದೆ. ಅವರ ಮಗ ಕಂಪ್ಯೂಟರ್ ಓದಿದ್ದಾನೆ, ಆ ಅಂಗಡಿಗೆ ಬರುವುದಿಲ್ಲ, ಬರಬೇಕು ಅಂತ ಹೇಳಲು ನಮಗೆ ಹಕ್ಕೂ ಇಲ್ಲ. ಎಣ್ಣೆ ಹಿಡಿದ ಬೆಂಚಿನ ಮೇಲೆ ನಾಝಲ್ ಇಟ್ಟು, ಸಿಡಿಯುವ ಡೀಸೆಲ್ಲಿನ ಮಂಜು ನೋಡಿಯೇ ಅವರು ಹೇಳಿಬಿಡುತ್ತಾರೆ ಯಾವ ಸಿಲಿಂಡರಿನದು ಹೊಗೆ ಹಾಕುತ್ತಿದೆ ಅಂತ. ಹಳೇ ಗಾಡಿ ಎಷ್ಟು ವರ್ಷ ಬಾಳುತ್ತೆ ಅಂತ ಕೇಳುವವರು ಇಂಥವರು ಎಷ್ಟು ವರ್ಷ ಅಂಗಡಿ ತೆಗೆಯುತ್ತಾರೆ ಅಂತಲೂ ಕೇಳಬೇಕು.

ಚಿಕ್ಕಮ್ಮನ ಮಾತಿಗೆ ಚಿಕ್ಕಪ್ಪ ಉತ್ತರ ಕೊಟ್ಟದ್ದು ಮಾರನೇ ದಿನ. ರಾತ್ರಿಯ ದೂರದ ಲೋಡು ಇನ್ನು ಈ ಗಾಡಿಗೆ ಬೇಡ, ತೋಟದಿಂದ ಕೋಲಾರಕ್ಕೆ ಮಾತ್ರ, ಅದೂ ಬೆಳಕು ಹರಿದ ಮೇಲಿನ ಲೋಡು ಅಂದರು. ರಾತ್ರಿ ಮಾಲಿಗೆ ಬಾಡಿಗೆ ಗಾಡಿ. ಮುಂಗಡ ದುಡ್ಡು ಎಷ್ಟು ಬೇಕು ಅಂತ ಹೊಸ ಪಿಕಪ್ ವಿಚಾರಿಸಲು ತಮ್ಮನಿಗೂ ಹೇಳಿದ್ದಾರೆ. ನನಗೆ ಹೇಳಿದ ಕೆಲಸ ಬೇರೆ. ಪುಸ್ತಕದಲ್ಲಿ ಬರೀ ಖರ್ಚು ಬರೆಯಬೇಡ, ಕೆಡುವ ಮುಂಚೆ ಯಾವ ಸದ್ದು ಬಂತು ಅಂತಲೂ ಬರಿ ಅಂದರು. ನಿನ್ನೆ ಸಂಜೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲ್ ಕಿತ್ತಿಟ್ಟು, ಕೆರೆ ಏರಿ ತನಕ ಗಾಡಿ ಓಡಿಸಿಕೊಂಡು ಹೋದರು. ಶನಿವಾರ ಪಂಪ್ ಮೇಸ್ತ್ರಿ ಅಂಗಡಿಗೆ ಹೋಗುವುದಿದೆ. ಅವರ ಹತ್ತಿರ ಇನ್ನೂ ಎರಡು ಸೆಟ್ ನಾಝಲ್ ಇದೆಯಂತೆ. ಎರಡೂ ತಂದಿಡಬೇಕು.