ನಡೆಯೋಕೆ ಬರುತ್ತಲ್ಲ, ಮತ್ತೆ ಯಾಕೆ ಎತ್ಕೊಂಡು ಓಡಾಡ್ತೀಯಾ?

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಂತೂ ಒಂದು ಪಂಕ್ತಿ ಏಳುವಷ್ಟರಲ್ಲಿ ನಾಲ್ಕು ಜನ ಕೇಳಿರುತ್ತಾರೆ. "ಆರು ವರ್ಷದ ಹುಡುಗ, ಈಗ ತಾನೇ ಓಡಾಡ್ತಿದ್ದ. ಸೊಂಟದ ಮೇಲೆ ಕೂರಿಸ್ಕೊಂಡು ಯಾಕೆ ತಿರುಗ್ತೀಯಾ? ನೀನೇ ಅಭ್ಯಾಸ ಕೆಡಿಸ್ತಿದ್ದೀಯಾ." ಅವನನ್ನು ಎತ್ತಿಕೊಂಡು ನಿಂತಾಗ ಪೂರ್ತಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಆಟಿಸಂ ಇದೆ. ಜೊತೆಗೆ ಮೈಟೊಕಾಂಡ್ರಿಯಾ ಕಾಯಿಲೆಯೂ ಇದೆ. ಆಟಿಸಂ ಅಂದ್ರೆ ಈಗ ಜನರಿಗೆ ಅಷ್ಟಿಷ್ಟು ಗೊತ್ತು. ಇನ್ನೊಂದರ ಹೆಸರು ಹೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಹೈಸ್ಕೂಲಿನಲ್ಲಿ ಜೀವಕೋಶದ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದೆವಲ್ಲ, ಅದರಲ್ಲಿ ಕಡಲೆಕಾಯಿ ಬೀಜದ ಥರ ಬರೆಯುತ್ತಿದ್ದೆವಲ್ಲ, ಅದೇ ಮೈಟೊಕಾಂಡ್ರಿಯಾ. ತಿಂದ ಅನ್ನದಿಂದ ಮೈಗೆ ಬೇಕಾದ ಶಕ್ತಿ ಬಹುಪಾಲು ತಯಾರಾಗೋದು ಅಲ್ಲೇ. ಇವನಲ್ಲಿ ಆ ಕೆಲಸ ಸರಿಯಾಗಿ ನಡೆಯಲ್ಲ. ಸುಮಾರು 5000 ಜನರಲ್ಲಿ ಒಬ್ಬರಿಗೆ ಈ ಥರದ ಕಾಯಿಲೆ ಇರುತ್ತೆ. ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಇರಲ್ಲ. ನಮ್ಮವನಿಗೆ ಎರಡೂ ಬಂದಿವೆ.

ನನ್ನ ತವರು ಅರಕಲಗೂಡು ಕಡೆ. ನಮ್ಮ ಅಪ್ಪನಿಗೆ ನಾನು ಹೇಳಿದ್ದು ಪಂಪ್‌ಸೆಟ್ ಲೆಕ್ಕದಲ್ಲಿ. ಕರೆಂಟು ಲೋ ವೋಲ್ಟೇಜ್ ಇದ್ದಾಗ ಬಲ್ಬು ಮಿಣ ಮಿಣ ಅಂತ ಉರಿಯುತ್ತೆ. ಆದರೆ ಮೋಟ್ರು ಎತ್ತಲ್ಲ. ಹಠ ಹಿಡಿದು ಆನ್ ಮಾಡಿಟ್ಟರೆ ಕಾಯಿಲ್ ಸುಟ್ಟು ಹೋಗುತ್ತೆ. ಮೈಯಲ್ಲಿ ಮೆದುಳು, ಹೃದಯ, ಮಾಂಸಖಂಡ ಎಲ್ಲ ಮೋಟ್ರು ಇದ್ದಂತೆ. ಕರೆಂಟು ಜಾಸ್ತಿ ಬೇಡುವ ಜಾಗಗಳು ಅವು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಇವ್ನು ಸುಸ್ತಾಗಿ ಕೂತಾಗ ಎಬ್ಬಿಸಿ ನಡೆಸ್ಬಾರ್ದು" ಅಂದರು. ದೊಡ್ಡ ಡಾಕ್ಟರುಗಳ ಹತ್ತಿರ ಅರ್ಧ ಗಂಟೆ ಕೂತರೂ ನನಗೆ ಅಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

ಮೊದಲು ಗೊತ್ತಾಗಿದ್ದು ಆಟಿಸಂ. ಮಗನಿಗೆ ಮೂರು ವರ್ಷ ಆಗಿದ್ದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನೋಡಿ ಹೇಳಿದರು. ಅಲ್ಲಿಂದ ಬಂದ ಮೇಲೆ ಒಂದು ವರ್ಷ ನಾವು ಎಲ್ಲವನ್ನೂ ಆಟಿಸಂ ಲೆಕ್ಕಕ್ಕೇ ಹಾಕಿದೆವು. ಅರ್ಧ ದಾರಿಯಲ್ಲಿ ಕೂತರೆ ಆಟಿಸಂ. ಸಂಜೆ ಹೊತ್ತಿಗೆ ಕುತ್ತಿಗೆ ವಾಲಿದರೂ ಆಟಿಸಂ. ಹತ್ತಿರದ ಒಂದು ಥೆರಪಿ ಕೇಂದ್ರದಲ್ಲಿ "ಹಠ ಜಾಸ್ತಿ, ಎತ್ತಿಕೊಳ್ಳಬೇಡಿ, ನಡೆಸಿ" ಅಂದರು. ನಡೆಸಿದೆ. ಅಳುತ್ತಿದ್ದವನನ್ನು ಕೈ ಹಿಡಿದು ಎಳೆದು ನಡೆಸಿದೆ. ಆ ವರ್ಷ ನೆನಪಾದರೆ ಈಗಲೂ ಎದೆ ಹಿಂಡುತ್ತೆ.

ಆಮೇಲೆ ಒಂದು ಜ್ವರ ಬಂತು. ಮಾಮೂಲಿ ವೈರಲ್ ಜ್ವರ, ಮೂರು ದಿನ. ಅದಕ್ಕೆ ಮುಂಚೆ ಅವನ ಬಾಯಲ್ಲಿ ಹದಿನೈದು ಇಪ್ಪತ್ತು ಮಾತು ಇದ್ದವು. "ನೀರು", "ಬಾ", "ದೋಸೆ", "ಬಸ್ಸು". ಜ್ವರ ಬಿಟ್ಟಿತು, ಮಾತು ವಾಪಸ್ ಬರಲಿಲ್ಲ. ಒಂದು ವಾರ ಕೂರೋಕೂ ಆಗಲಿಲ್ಲ. ಆಗ ಬೆಂಗಳೂರಿಗೆ ಓಡಿದೆವು. ರಕ್ತದಲ್ಲಿ ಲ್ಯಾಕ್ಟೇಟ್ ಜಾಸ್ತಿ ಇತ್ತು. ಮೈಯಲ್ಲಿ ಶಕ್ತಿ ತಯಾರಿ ಸರಿಯಾಗಿ ನಡೆಯದಿದ್ದಾಗ ಏರುವ ಅಂಶ ಅದು. ಎಂಆರ್‌ಐ ಆಯಿತು, ಕೊನೆಗೆ ಜೀನ್ ಪರೀಕ್ಷೆಯಲ್ಲಿ ಕಾಯಿಲೆ ಖಾತ್ರಿಯಾಯಿತು. ಜ್ವರ ಬಂದರೆ ಮೈಗೆ ಶಕ್ತಿ ಜಾಸ್ತಿ ಬೇಕು. ಇವನ ಹತ್ತಿರ ಇರೋದೇ ಕಡಿಮೆ. ಕಲಿತದ್ದು ಕೈ ಬಿಟ್ಟು ಹೋಗೋದು ಇಂಥ ಹೊತ್ತಿನಲ್ಲೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೈಟೊಕಾಂಡ್ರಿಯಾಕ್ಕೆ ತನ್ನದೇ 37 ಜೀನ್‌ಗಳಿವೆ, ಅವು ತಾಯಿಯಿಂದ ಮಾತ್ರ ಬರುತ್ತವೆ. ಮನೆಯಲ್ಲಿ ಯಾರೋ ಅಷ್ಟನ್ನೇ ಮೊಬೈಲಿನಲ್ಲಿ ಓದಿ "ನಿನ್ನ ಕಡೆಯಿಂದಲೇ ಬಂದಿದ್ದು" ಅಂದುಬಿಟ್ಟರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಆದರೆ ಮೈಟೊಕಾಂಡ್ರಿಯಾ ಕೆಲಸ ಮಾಡೋಕೆ ಸಾವಿರಕ್ಕೂ ಹೆಚ್ಚು ಜೀನ್‌ಗಳು ಬೇಕು. ಉಳಿದವು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ. ಮಕ್ಕಳಲ್ಲಿ ಕಾಣಿಸುವ ಕಾಯಿಲೆ ಬಹಳಷ್ಟು ಸಲ ಆ ಉಳಿದವುಗಳಿಂದಲೇ. ನಮ್ಮ ಮಗನದ್ದೂ ಹಾಗೇ. ದೋಷ ಇರುವ ಜೀನ್ ನನ್ನಿಂದ ಒಂದು, ನನ್ನ ಗಂಡನಿಂದ ಒಂದು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಯಾರ ತಪ್ಪೂ ಇಲ್ಲ. ಸೊಸೆಯನ್ನು ದೂರುವ ಮುಂಚೆ ದಯವಿಟ್ಟು ಇದನ್ನು ತಿಳಿದುಕೊಳ್ಳಿ.

ಆಟಿಸಂ, ಮೈಟೊಕಾಂಡ್ರಿಯಾ ಕಾಯಿಲೆ ಎರಡೂ ಒಂದಕ್ಕೊಂದು ಅಡ್ಡ ಬರುವುದು ಊಟದಲ್ಲಿ. ಹೊಟ್ಟೆ ಖಾಲಿ ಬಿಡಬಾರದು ಅನ್ನೋದು ಡಾಕ್ಟರ ಮೊದಲ ಮಾತು. ರಾತ್ರಿ ಮಲಗುವ ಮುಂಚೆ ತಿನ್ನಬೇಕು, ಬೆಳಿಗ್ಗೆ ಎದ್ದ ತಕ್ಷಣ ತಿನ್ನಬೇಕು. ಆದರೆ ಇವನು ತಿನ್ನೋದು ಮೂರೇ ಮೂರು. ದೋಸೆ, ಮೊಸರನ್ನ, ಬಾಳೆಹಣ್ಣು. ದೋಸೆಯ ಅಂಚು ಕೆಂಪಾಗಿದ್ದರೆ ಮುಟ್ಟಲ್ಲ. ಅವನ ಸ್ಟೀಲ್ ತಟ್ಟೆಯೇ ಬೇಕು. ಮದುವೆಗೆ ಹೋಗುವಾಗ ಆ ತಟ್ಟೆ, ದೋಸೆ ಡಬ್ಬಿ ನನ್ನ ಬ್ಯಾಗಿನಲ್ಲಿರುತ್ತೆ. "ಹಸಿವಾದರೆ ತಾನೇ ತಿಂತಾನೆ, ಬಿಡು" ಅನ್ನುವವರಿಗೆ ನನ್ನ ಉತ್ತರ: ಇವನ ವಿಷಯದಲ್ಲಿ ಆ ಪರೀಕ್ಷೆ ಮಾಡುವ ಹಾಗೇ ಇಲ್ಲ.

ಔಷಧಿ ಇದೆಯಾ? ಶಕ್ತಿ ತಯಾರಿಗೆ ನೆರವಾಗಲಿ ಅಂತ ಕೋಕ್ಯೂ10, ಕಾರ್ನಿಟೀನ್, ರೈಬೋಫ್ಲೇವಿನ್ ಕೊಡುತ್ತೇವೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಕೆಲವು ಮೈಟೊಕಾಂಡ್ರಿಯಾ ಕಾಯಿಲೆಗಳಲ್ಲಿ ಲಿವರಿಗೇ ಅಪಾಯ. ಅದಕ್ಕೆ ಇವನ ಕಾಯಿಲೆ ಏನು, ಯಾವ ಮದ್ದು ಕೊಡಬಾರದು ಅಂತ ಬರೆದ ಡಾಕ್ಟರ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸದಾ ಜೊತೆಯಲ್ಲಿ ಇಟ್ಟುಕೊಂಡಿರುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಒಂದು ಕಾಗದ ಬರೆಸಿಕೊಳ್ಳಿ.

ಈಗ ಎತ್ತಿಕೊಳ್ಳುವ ವಿಷಯ. ಮಗ ರಸ್ತೆಯಲ್ಲಿ ಕೂತಾಗ ಕಾರಣ ಎರಡರಲ್ಲಿ ಯಾವುದೂ ಇರಬಹುದು. ಸದ್ದು, ಜನ ಜಾಸ್ತಿಯಾಗಿ ತಡೆಯೋಕೆ ಆಗದೆ ಕೂರುತ್ತಾನೆ. ಇಲ್ಲವೇ ಶಕ್ತಿ ಮುಗಿದು ಕೂರುತ್ತಾನೆ. ಬಾಯಿ ಬಿಟ್ಟು ಹೇಳೋಕೆ ಅವನಿಗೆ ಬರಲ್ಲ. ದೂರದಿಂದ ನೋಡುವವರಿಗೆ ಎರಡೂ ಹಠದ ಥರವೇ ಕಾಣುತ್ತೆ. ಹತ್ತಿರದಿಂದ ನಾನು ಕಲಿತಿರೋದು ಇಷ್ಟು. ಸದ್ದಿಗಾದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಮೈ ಸೆಟೆದುಕೊಳ್ಳುತ್ತೆ, ನನ್ನನ್ನೂ ದೂಡುತ್ತಾನೆ. ಆಗ ಎತ್ತಿಕೊಳ್ಳಬಾರದು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯಬೇಕು. ಸುಸ್ತಿಗಾದರೆ ಬೇರೆ. ಅವನು ಎದ್ದಿರುವಷ್ಟೂ ಹೊತ್ತು ಗಂಟಲಲ್ಲಿ ಗುಂಯ್ ಅಂತ ಒಂದು ಸದ್ದು ಮಾಡುತ್ತಿರುತ್ತಾನೆ. ಅಡುಗೆ ಮನೆಯಿಂದಲೇ ಅದು ನನಗೆ ಕೇಳುತ್ತಿರುತ್ತೆ. ಸುಸ್ತಾದಾಗ ಮೊದಲು ನಿಲ್ಲೋದು ಆ ಸದ್ದು. ಆಮೇಲೆ ರೆಪ್ಪೆ ಇಳಿಯುತ್ತೆ, ಬೆರಳು ತಣ್ಣಗಾಗುತ್ತೆ. ಸದ್ದು ನಿಂತ ಕ್ಷಣವೇ ನಾನು ಎತ್ತಿಕೊಳ್ಳುತ್ತೇನೆ. ಯಾವುದು ಅಂತ ಗೊತ್ತಾಗದಿದ್ದರೂ ಎತ್ತಿಕೊಳ್ಳುತ್ತೇನೆ. ತಪ್ಪಾದರೆ ಅವನು ನನ್ನನ್ನು ಹೊಡೆಯುತ್ತಾನೆ, ಅಷ್ಟೇ ಅಲ್ವಾ? ಇನ್ನೊಂದು ಥರ ತಪ್ಪಿದರೆ ವಾರಗಟ್ಟಲೆ ಹಿಂದೆ ಹೋಗುತ್ತಾನೆ.

ಗಾಲಿಕುರ್ಚಿಯೂ ಇದೆ. ನಮ್ಮ ಬೀದಿಯ ಚಪ್ಪಡಿ ಎದ್ದ ಫುಟ್‌ಪಾತಿನಲ್ಲಿ ಅದು ಹತ್ತು ಹೆಜ್ಜೆ ಹೋಗಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಾಗ ಅತ್ತೆ ಹರಕೆ ಅಂತ ಕರೆದರು. ಗಂಟೆಗಟ್ಟಲೆ ಸಾಲು, ಆ ಗದ್ದಲ. ಅವರೊಬ್ಬರೇ ಹೋಗಿ ಬಂದರು, ಕುಂಕುಮ ತಂದು ಹಚ್ಚಿದರು. ಬೇಜಾರು ಮಾಡಿಕೊಳ್ಳಲಿಲ್ಲ.

ಮಾತು ಕಲಿಸುವ ಮೇಡಂ ಒಂದು ಕಾರ್ಡು ಮಾಡಿಕೊಟ್ಟಿದ್ದಾರೆ. ಅಮ್ಮ ಮಗುವನ್ನು ಎತ್ತಿಕೊಂಡಿರುವ ಚಿತ್ರ. ಅವನ ಸೊಂಟದ ದಾರಕ್ಕೆ ಕಟ್ಟಿದ್ದೇನೆ. ಎಂಟು ತಿಂಗಳು ಅದನ್ನು ಬರೀ ಕಚ್ಚುತ್ತಿದ್ದ. ಹೋದ ಭಾನುವಾರ ಮಹಾರಾಜ ಪಾರ್ಕಿನಲ್ಲಿ ಗೇಟಿನಿಂದ ಜೋಕಾಲಿಯ ತನಕ ಅರ್ಧ ದಾರಿ ನಡೆದ. ನಿಂತ. ಕಾರ್ಡು ಎಳೆದು ನನ್ನ ಕೈಗೆ ಒತ್ತಿದ. ಗುಂಯ್ ಸದ್ದು ಇನ್ನೂ ನಿಂತಿರಲಿಲ್ಲ.